ಕೊನೆಯ ಸಲ ತೊಳೆದ ನೀರು

ಪ್ರೀತಿಯ ಅಕ್ಕ,

ನಾನು ಚೆನ್ನಾಗಿದ್ದೇನೆ. ನೀವೆಲ್ಲ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು, "ಗಿಡದ ಒಳಗೆ ಬ್ಯಾಕ್ಟೀರಿಯಾ ಇದೆ ಅಂದ್ರೆ ಅದಕ್ಕೆ ರೋಗ ಬಂದಿದೆ ಅಂತ ಅಲ್ವಾ?" ಅಂದೆ. ಹಿಂದೆ ಅಪ್ಪ ನಕ್ಕಿದ್ದೂ ಕೇಳಿಸಿತು. ಆಗ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಈ ಕಾಗದ.

ರೋಗ ಅಲ್ಲ ಕಣೇ. ಗಟ್ಟಿಮುಟ್ಟಾದ ಗಿಡದ ಬೇರು, ಕಾಂಡ, ಎಲೆಗಳ ಒಳಗೂ ಬ್ಯಾಕ್ಟೀರಿಯಾ ಇರುತ್ತವೆ. ಜೀವಕೋಶಗಳ ನಡುವಿನ ಸಂದಿಯಲ್ಲಿ ತಮ್ಮ ಪಾಡಿಗೆ ತಾವು ಇರುತ್ತವೆ. ಎಂಡೋಫೈಟ್ ಅಂತ ಹೆಸರು. ಕವಲು ಬೇರು ಒಡೆದು ಬರುವ ಕಡೆ ಸಣ್ಣ ಬಿರುಕು ಇರುತ್ತಲ್ಲ, ಮಣ್ಣಿನಿಂದ ಅಲ್ಲಿ ನುಸುಳುತ್ತವೆ. ಕೆಲವು ಬೀಜದ ಜೊತೆಗೇ ಬರುತ್ತವೆ. ಗಿಡ ಅವಕ್ಕೆ ಊಟ ಹಾಕುತ್ತದೆ. ಅವುಗಳಲ್ಲಿ ಕೆಲವು ಬೇರು ಬೆಳೆಸುವ ಹಾರ್ಮೋನು ಮಾಡಿಕೊಡುತ್ತವೆ, ಕೆಲವು ರೋಗ ತರುವ ಶಿಲೀಂಧ್ರಗಳನ್ನು ತಡೆಯುತ್ತವೆ. ಗಾಳಿಯ ಸಾರಜನಕವನ್ನು ಹಿಡಿಯುವ ಒಂದು ಬ್ಯಾಕ್ಟೀರಿಯಾ ಕಬ್ಬಿನೊಳಗೆ ಇರುವುದನ್ನು ಬ್ರೆಜಿಲ್‌ನಲ್ಲಿ 1988ರಲ್ಲೇ ವರದಿ ಮಾಡಿದ್ದರು.

ನನ್ನ ಕೆಲಸ, ಔಷಧಿ ಗಿಡಗಳಿಂದ ಇವನ್ನು ಹೊರಗೆ ತೆಗೆಯುವುದು. ಈಗ ಅಶ್ವಗಂಧದ ಬೇರು ಹಿಡಿದಿದ್ದೇನೆ. ಮೊದಲು ಮಣ್ಣು ಹೋಗುವ ಹಾಗೆ ತೊಳೆಯಬೇಕು. ಆಮೇಲೆ ಶೇಕಡಾ 70ರ ಆಲ್ಕೋಹಾಲ್, ಆಮೇಲೆ ಬ್ಲೀಚ್, ಮತ್ತೆ ಶುದ್ಧ ನೀರಿನಲ್ಲಿ ಮೂರ್ನಾಲ್ಕು ಸಲ. ಹೊರಗೆ ಅಂಟಿಕೊಂಡದ್ದೆಲ್ಲ ಸಾಯಬೇಕು, ಒಳಗಿರುವುದು ಉಳಿಯಬೇಕು. ಬೇರನ್ನು ಜಜ್ಜಿ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಗೆ ಸವರುತ್ತೇವೆ. ಕೊನೆಯ ಸಲ ತೊಳೆದ ನೀರನ್ನೂ ಚೆಲ್ಲುವ ಹಾಗಿಲ್ಲ. ಅದಕ್ಕೂ ಒಂದು ಬೇರೆ ತಟ್ಟೆ. ಅದರಲ್ಲಿ ಏನೂ ಬೆಳೆಯದಿದ್ದರೆ ಮಾತ್ರ, ಸಿಕ್ಕಿದ್ದು ಬೇರಿನ ಒಳಗಿನದು ಅಂತ ಹೇಳಬಹುದು.

ಹೋದ ತಿಂಗಳು ನಾನು ಎಡವಿದ್ದೇ ಅಲ್ಲಿ. ಬ್ಯಾಸಿಲಸ್ ಅನ್ನುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತ್ತು. ಗಾಯ ಕೀವಾಗಿಸುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಅದನ್ನು ಇಟ್ಟರೆ ಸುತ್ತಲೂ ಉಂಗುರದ ಹಾಗೆ ಖಾಲಿ ಜಾಗ, ಅಂದ್ರೆ ಅಲ್ಲಿ ಸ್ಟೆಫಿಲೊಕಾಕಸ್ ಬೆಳೆದೇ ಇಲ್ಲ! ನನಗೋ ಕುಣಿಯುವಷ್ಟು ಖುಷಿ. ಆಮೇಲೆ ತೊಳೆದ ನೀರಿನ ತಟ್ಟೆ ನೋಡಿದರೆ, ಅದೇ ಬಿಳಿ ಸುಕ್ಕು ಸುಕ್ಕು ಚುಕ್ಕೆಗಳು. ಬ್ಯಾಸಿಲಸ್‌ನ ಗಟ್ಟಿ ಕವಚದ ಬೀಜಾಣುಗಳು ಆಲ್ಕೋಹಾಲಿಗೆ ಜಗ್ಗುವುದಿಲ್ಲ. ನಾನು ಬ್ಲೀಚ್‌ನಲ್ಲಿ ಸಾಕಷ್ಟು ಹೊತ್ತು ಬಿಟ್ಟಿರಲಿಲ್ಲ. ಒಳಗಿನದೋ, ಸಿಪ್ಪೆಯ ಮೇಲಿನ ಮಣ್ಣಿನದೋ, ಹೇಗೆ ಹೇಳೋದು? ಮೂರು ವಾರದ ಕೆಲಸ ಸುಮ್ನೆ ಹೋಯ್ತು.

ಇಷ್ಟೆಲ್ಲ ಯಾಕೆ ಅಂತೀಯಾ? ಆಸ್ಟ್ರೇಲಿಯಾದ ಮೂಲನಿವಾಸಿಗಳು ಗಾಯಕ್ಕೆ ಬಳಸುವ ಒಂದು ಬಳ್ಳಿ ಇದೆ, ಸ್ನೇಕ್‌ವೈನ್ ಅಂತ. ಅದರೊಳಗೆ ಸ್ಟ್ರೆಪ್ಟೊಮೈಸಿಸ್ ಅನ್ನುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದು ಮುನುಂಬಿಸಿನ್ ಅನ್ನುವ ಆಂಟಿಬಯೋಟಿಕ್‌ಗಳನ್ನು ಮಾಡುತ್ತದೆ ಅಂತ 2002ರಲ್ಲಿ ಪ್ರಕಟವಾಯಿತು. ಲ್ಯಾಬಿನಲ್ಲಿ ಮಲೇರಿಯಾ ಪರಾವಲಂಬಿಯ ಮೇಲೂ ಕೆಲಸ ಮಾಡಿದವು. ಹಾಗಾದರೆ ಗಾಯ ಮಾಯಿಸಿದ್ದು ಬಳ್ಳಿಯೋ, ಅದರೊಳಗಿನ ಬ್ಯಾಕ್ಟೀರಿಯಾವೋ? ಈ ಪ್ರಶ್ನೆ ನನ್ನನ್ನು ಬಿಡುತ್ತಲೇ ಇಲ್ಲ. ಔಷಧಿ ಮಾಡೋದು ಬ್ಯಾಕ್ಟೀರಿಯಾನೇ ಆದರೆ ಬೇರಿಗಾಗಿ ಗಿಡ ಕೀಳಬೇಕಿಲ್ಲ, ಟ್ಯಾಂಕಿನಲ್ಲಿ ಬೆಳೆಸಿಕೊಳ್ಳಬಹುದು.

ಅಪ್ಪ ಆಗಲೇ ಲೆಕ್ಕ ಹಾಕುತ್ತಿರುತ್ತಾರೆ, ಸ್ವಲ್ಪ ತಡಿ ಅನ್ನು. ಕ್ಯಾನ್ಸರ್ ಔಷಧಿ ಟ್ಯಾಕ್ಸಾಲ್ ಮೊದಲು ಸಿಕ್ಕಿದ್ದು ಯೂ ಮರದ ತೊಗಟೆಯಲ್ಲಿ. ಆ ಮರದೊಳಗಿನ ಒಂದು ಶಿಲೀಂಧ್ರವೂ ಅದನ್ನು ಮಾಡುತ್ತದೆ ಅಂತ 1993ರಲ್ಲಿ ವರದಿ ಬಂದಾಗ ದೊಡ್ಡ ಸುದ್ದಿ. ಆದರೆ ಸಿಕ್ಕಿದ್ದು ಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ. ಮುಂದೆ ಬೇರೆಯವರು ಪರೀಕ್ಷಿಸಿ, ನಿಜವಾಗಿ ಅದೇ ಮಾಡುತ್ತದಾ ಅಂತಲೂ ಅನುಮಾನಪಟ್ಟರು. ಇನ್ನೊಂದು ತೊಂದರೆ, ಗಿಡದಿಂದ ಬಿಡಿಸಿ ತಟ್ಟೆಯಿಂದ ತಟ್ಟೆಗೆ ದಾಟಿಸುತ್ತಾ ಹೋದರೆ ಇಂಥ ಎಷ್ಟೋ ಜೀವಿಗಳು ಆ ವಸ್ತುವನ್ನು ಮಾಡುವುದನ್ನೇ ನಿಲ್ಲಿಸಿಬಿಡುತ್ತವೆ. ಗಿಡದ ಒಳಗೆ ಅವಕ್ಕೆ ಸಿಗುತ್ತಿದ್ದ ಯಾವುದೋ ಸೂಚನೆ ತಟ್ಟೆಯಲ್ಲಿ ಸಿಗದಿರುವುದು ಕಾರಣ ಇರಬಹುದು.

ಈ ಸಲ ಬ್ಲೀಚ್‌ನ ಹೊತ್ತು ಹೆಚ್ಚಿಸಿದ್ದೇನೆ. ತೊಳೆದ ನೀರಿನ ತಟ್ಟೆ ಮೂರು ದಿನದಿಂದ ಖಾಲಿ ಇದೆ. ಬೇರಿನ ತಟ್ಟೆಯಲ್ಲಿ ಎರಡು ಹಳದಿ ಚುಕ್ಕೆ ಎದ್ದಿವೆ. ಅಮ್ಮನಿಗೆ ಹೇಳು, ಊಟ ಸರಿಯಾಗಿಯೇ ಮಾಡ್ತಿದ್ದೇನೆ.

ನಿನ್ನ ತಮ್ಮ