ಗೆಳೆಯನಿಗೊಂದು ಪತ್ರ: ಗುಟ್ಟಿನ ಕಾಗದ ಹೊರಗೆ ಕೊಟ್ಟವನ ಬಗ್ಗೆ

ಪ್ರೀತಿಯ ಗೆಳೆಯಾ,

ಪುನರ್ವಸು ಮಳೆ ಜೋರಾಗಿ ಹಿಡಿದಿದೆ. ಕರೆಂಟ್ ಬಂದರೆ ಅರ್ಧ ಗಂಟೆ, ಹೋದರೆ ಅರ್ಧ ದಿನ. ತೋಟಕ್ಕೆ ಎರಡನೇ ಔಷಧಿ ಹೊಡೆಸಬೇಕು, ಮಳೆ ಹೊಳವಾಗುತ್ತಿಲ್ಲ, ಕೊನೆಗಾರ ಬೆಳಿಗ್ಗೆ ಬಂದು ಆಕಾಶ ನೋಡಿ ಕಾಫಿ ಕುಡಿದು ಹೋಗುತ್ತಾನೆ. ಹಾಗಾಗಿ ಜಗಲಿಯಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಅಂತಲೇ ಇಲ್ಲಿ ಹಾಕುತ್ತಿದ್ದೇನೆ. ನಿನ್ನ ಹೆಸರಾಗಲಿ ಕಚೇರಿಯ ಹೆಸರಾಗಲಿ ಬರುವುದಿಲ್ಲ, ಯೋಚನೆ ಮಾಡಬೇಡ.

ಹೋದ ತಿಂಗಳು ನಿಮ್ಮಕ್ಕನ ಮಗಳ ಮದುವೆಯಲ್ಲಿ ಊಟ ಮುಗಿಸಿ ಕೈ ತೊಳೆಯುವಾಗ ನೀನೊಂದು ಮಾತು ಹೇಳಿದೆ. "ಸರ್ಕಾರದ ಗುಟ್ಟಿನ ಕಾಗದ ಹೊರಗೆ ಕೊಡುವವನು ಉಂಡ ಮನೆಗೆ ಎರಡು ಬಗೆಯುವವನು ಕಣೋ. ಅದರಿಂದ ಆಗುವುದಾದರೂ ಏನು? ನಾಲ್ಕು ದಿನ ಟಿವಿಯಲ್ಲಿ ಗಲಾಟೆ." ಸುತ್ತ ನೆಂಟರಿದ್ದರು, ನಾನು ಸುಮ್ನಾದೆ. ಆದರೆ ಆ ಮಾತು ಮನಸ್ಸಿನಿಂದ ಹೋಗಿಲ್ಲ. ಇಪ್ಪತ್ತು ವರ್ಷ ಕಡತಗಳ ಮಧ್ಯೆ ಕೂತವನು ನೀನು, ಯಾರ ಒಂದು ರೂಪಾಯಿಯನ್ನೂ ಮುಟ್ಟಿದವನಲ್ಲ. ಅದಕ್ಕೇ ನಿನ್ನ ಬಾಯಲ್ಲಿ ಆ ಮಾತು ಬಂದಿದ್ದು ನೋವಾಯಿತು.

2011ರ ಜುಲೈ ನೆನಪಿದೆಯಾ? ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಸರ್ಕಾರದ ಕೈ ಸೇರುವ ಮೊದಲೇ ಸೋರಿ ಟಿವಿಯಲ್ಲಿ ಬಂತು. 2006ರಿಂದ 2010ರ ನಡುವೆ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಅಂತ ಅದರಲ್ಲಿತ್ತು. ವರದಿ ಅಧಿಕೃತವಾಗಿ ಸಲ್ಲಿಕೆಯಾಗಿದ್ದು 27ಕ್ಕೆ. 31ಕ್ಕೆ ನಮ್ಮ ಶಿಕಾರಿಪುರದ ಯಡಿಯೂರಪ್ಪನವರು ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಟ್ಟರು. ಜಿಲ್ಲೆಯಲ್ಲಿ ಅರ್ಧ ಜನಕ್ಕೆ ಸಿಟ್ಟು, ಅರ್ಧ ಜನಕ್ಕೆ ಸಮಾಧಾನ. ಮುಂದೆ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಗಣಿ ಲಂಚದ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು, 2019ರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾದರು. ಅದನ್ನೂ ಹೇಳಲೇಬೇಕು. ಸೋರಿದ ಕಾಗದ ಕೋರ್ಟಿನ ತೀರ್ಪಲ್ಲ, ಆಗಲೂ ಬಾರದು. ಆದರೆ ವರದಿಯಲ್ಲಿ ಏನಿದೆ ಅಂತ ಜನರಿಗೆ ಮೊದಲೇ ಗೊತ್ತಾಗಿದ್ದರಿಂದ "ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು" ಅಂತ ಬರೆದು ಬೀರುವಿಗೆ ಹಾಕುವುದಕ್ಕೆ ಯಾರಿಗೂ ಪುರುಸೊತ್ತು ಸಿಗಲಿಲ್ಲ. ಅಷ್ಟು ಕೆಲಸ ಆ ಸೋರಿಕೆ ಮಾಡಿತು ಅಂತ ನಾನು ನಂಬುತ್ತೇನೆ.

ಇನ್ನೊಂದು ಕಥೆ ಅಮೆರಿಕದ್ದು. ನಿನಗೆ ಹೆಸರು ಗೊತ್ತಿರಬಹುದು, ಸರ್ಕಾರದ ಯುದ್ಧ ವಿಶ್ಲೇಷಕರಾಗಿದ್ದ ಡೇನಿಯಲ್ ಎಲ್ಸ್‌ಬರ್ಗ್. ವಿಯೆಟ್ನಾಂ ಯುದ್ಧದ ಬಗ್ಗೆ ರಕ್ಷಣಾ ಇಲಾಖೆ ತಾನೇ ಬರೆಸಿಟ್ಟುಕೊಂಡ 7000 ಪುಟಗಳ ಗುಟ್ಟಿನ ಅಧ್ಯಯನ, ಅದರ ಪ್ರತಿ ಇವರ ಕೈಗೆ ಸಿಕ್ಕಿತ್ತು. ಒಬ್ಬರಾದ ಮೇಲೊಬ್ಬರು ನಾಲ್ಕು ಅಧ್ಯಕ್ಷರು ಜನರಿಗೆ ಹೇಳಿದ್ದು ಒಂದು, ಒಳಗೆ ತಿಳಿದಿದ್ದು ಇನ್ನೊಂದು ಅಂತ ಅದರಲ್ಲಿ ಪುಟಪುಟಕ್ಕೂ ಕಾಣುತ್ತಿತ್ತು. 1969ರಲ್ಲಿ ಎಲ್ಸ್‌ಬರ್ಗ್ ಗೆಳತಿಯೊಬ್ಬರ ಜಾಹೀರಾತು ಕಚೇರಿಗೆ ರಾತ್ರಿ ಹೋಗಿ ಅಲ್ಲಿನ ಜೆರಾಕ್ಸ್ ಮೆಷಿನ್ನಿನಲ್ಲಿ ಒಂದೊಂದೇ ಹಾಳೆ ಇಟ್ಟು ನಕಲು ತೆಗೆದರು. ಹದಿಮೂರು ವರ್ಷದ ಮಗನೂ ಹಾಳೆ ಇಡುತ್ತಿದ್ದ. ಹತ್ತು ವರ್ಷದ ಮಗಳು ಕತ್ತರಿ ಹಿಡಿದು 'ಅತಿ ಗೋಪ್ಯ' ಅನ್ನುವ ಅಂಚನ್ನು ಕತ್ತರಿಸಿದಳು. ಆ ಮಗು ಕೂತು ಕಾಗದ ಕತ್ತರಿಸುವುದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈ ಝುಂ ಅನ್ನುತ್ತದೆ. ಜೈಲಿಗೆ ಹೋಗುವುದು ಖಂಡಿತ ಅಂದುಕೊಂಡಿದ್ದ ಅಪ್ಪ, ತಾನು ಮಾಡುತ್ತಿರುವುದು ಕಳ್ಳತನ ಅಲ್ಲ ಅಂತ ಮಕ್ಕಳಿಗೆ ಗೊತ್ತಿರಲಿ ಅಂತ ಕರೆದುಕೊಂಡು ಹೋಗಿದ್ದು.

ಗಮನಿಸು, ಅವರು ಮೊದಲು ಪತ್ರಿಕೆಗೆ ಓಡಲಿಲ್ಲ. ಸೆನೆಟರುಗಳ ಹತ್ತಿರ ಹೋದರು. ಯಾರೂ ಬಹಿರಂಗ ಮಾಡಲು ಮುಂದೆ ಬರಲಿಲ್ಲ. ಕೊನೆಗೆ 1971ರ ಜೂನ್ 13ಕ್ಕೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಮೊದಲ ಕಂತು ಬಂತು. ಸರ್ಕಾರ ತಡೆಯಾಜ್ಞೆ ತಂತು, ಸುಪ್ರೀಂ ಕೋರ್ಟ್ ಜೂನ್ 30ಕ್ಕೆ ಆರು ಮೂರರ ಬಹುಮತದಲ್ಲಿ ಪತ್ರಿಕೆಗಳ ಪರ ನಿಂತಿತು.

ಇಲ್ಲಿ ನಿನ್ನ ಪ್ರಶ್ನೆಗೆ ಬರುತ್ತೇನೆ. ಅದರಿಂದ ಆಗಿದ್ದೇನು? ತಕ್ಷಣಕ್ಕೆ ಏನೂ ಇಲ್ಲ. ಮರುವರ್ಷದ ಚುನಾವಣೆಯಲ್ಲಿ ಆಗಿನ ಅಧ್ಯಕ್ಷ ನಿಕ್ಸನ್ 50 ರಾಜ್ಯಗಳಲ್ಲಿ 49 ಗೆದ್ದರು. ನೀನು ಅಲ್ಲಿದ್ದಿದ್ದರೆ ಆ ದಿನವೂ "ನೋಡಿದೆಯಾ, ನಾಲ್ಕು ದಿನದ ಗಲಾಟೆ" ಅನ್ನುತ್ತಿದ್ದೆ. ಆದರೆ ಒಳಗೆ ಬೇರೇನೋ ನಡೆದಿತ್ತು. ಆ ಕಾಗದಗಳಲ್ಲಿ ನಿಕ್ಸನ್ ಅವರ ಆಡಳಿತದ ಬಗ್ಗೆ ಏನೂ ಇರಲಿಲ್ಲ, ಎಲ್ಲ ಹಿಂದಿನವರದ್ದು. ಆದರೂ ಹೆದರಿದರು. ಇನ್ನೇನು ಸೋರುತ್ತದೋ ಅಂತ ಸೋರಿಕೆ ತಡೆಯಲು ಗುಟ್ಟಿನ ತಂಡ ಕಟ್ಟಿದರು, ಆ ತಂಡ ಎಲ್ಸ್‌ಬರ್ಗ್ ಅವರ ಮನೋವೈದ್ಯರ ಕಚೇರಿಗೆ ಕನ್ನ ಹಾಕಿತು, ಅದೇ ಜನ ಮುಂದೆ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಹಗರಣದಲ್ಲಿ, ಅಂದರೆ ವಾಟರ್‌ಗೇಟ್‌ನಲ್ಲಿ ಸಿಕ್ಕಿಬಿದ್ದರು. ಎಲ್ಸ್‌ಬರ್ಗ್ ಮೇಲೆ 115 ವರ್ಷದವರೆಗೆ ಜೈಲಾಗಬಹುದಾದ ಆರೋಪಗಳಿದ್ದವು. 1973ರಲ್ಲಿ, ಸರ್ಕಾರವೇ ಇಷ್ಟು ಕೆಟ್ಟದಾಗಿ ನಡೆದುಕೊಂಡಿದೆ ಅಂತ ನ್ಯಾಯಾಧೀಶರು ಕೇಸನ್ನೇ ಕೈಬಿಟ್ಟರು. 1974ರ ಆಗಸ್ಟಿನಲ್ಲಿ ನಿಕ್ಸನ್ ಕುರ್ಚಿ ಬಿಟ್ಟರು. ಕಾಗದದಲ್ಲಿದ್ದ ವಿಷಯಕ್ಕಿಂತ ಕಾಗದ ಮುಚ್ಚಿಡುವ ಹಟವೇ ಅವರನ್ನು ಜಾಸ್ತಿ ಸುಟ್ಟಿತು.

ನಮ್ಮಲ್ಲೂ ಒಂದೊಂದು ಸಲ ಒಂದೊಂದು ಥರ ಆಗಿದೆ. ಬೋಫೋರ್ಸ್ ಫಿರಂಗಿ ಖರೀದಿಯ ಲಂಚದ ಸುದ್ದಿ 1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೋದಿಂದ ಬಂತು, ಆಮೇಲೆ ಪತ್ರಕರ್ತೆ ಚಿತ್ರಾ ಸುಬ್ರಮಣಿಯಂ ಅವರ ಕೈಗೆ ದಾಖಲೆಗಳೇ ಸಿಕ್ಕವು, 1989ರಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ದಾಖಲೆ ಕೊಟ್ಟವನು ನಾನೇ ಅಂತ ಸ್ವೀಡನ್ನಿನ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್ ಬಾಯಿ ಬಿಟ್ಟಿದ್ದು 2012ರಲ್ಲಿ. ರಾಜೀವ್ ಗಾಂಧಿ ಸ್ವತಃ ಲಂಚ ತಗೊಂಡಿದ್ದಕ್ಕೆ ಸಾಕ್ಷಿ ಸಿಕ್ಕಿರಲಿಲ್ಲ ಅಂತಲೂ ಅವರೇ ಹೇಳಿದರು. ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಬದುಕಿದ ಮನುಷ್ಯನನ್ನು ದ್ರೋಹಿ ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ರಫೇಲ್ ಯುದ್ಧವಿಮಾನ ಖರೀದಿಯ ಕಾಗದಗಳು 2019ರ ಫೆಬ್ರವರಿಯಲ್ಲಿ ಹೊರಬಂದಾಗ ಮಾತ್ರ ಆ ಚುನಾವಣೆಯ ಮೇಲೆ ಅದರ ಗುರುತೇ ಕಾಣಲಿಲ್ಲ, ಆಳುವ ಪಕ್ಷ 303 ಸೀಟು ಗೆದ್ದು ವಾಪಸ್ ಬಂತು. ಆದರೆ ಏಪ್ರಿಲ್ 10ಕ್ಕೆ ಸುಪ್ರೀಂ ಕೋರ್ಟಿನ ಮೂರೂ ನ್ಯಾಯಮೂರ್ತಿಗಳು, ಕದ್ದ ಕಾಗದ ಅನ್ನುವ ಒಂದೇ ಕಾರಣಕ್ಕೆ ಇದನ್ನು ನೋಡುವುದಿಲ್ಲ ಅನ್ನಲಾಗದು ಅಂತ ಹೇಳಿದರು. ನವೆಂಬರ್‌ನಲ್ಲಿ ಖರೀದಿಯ ತನಿಖೆ ಕೇಳಿದ್ದ ಮರುಪರಿಶೀಲನೆಯ ಅರ್ಜಿಗಳನ್ನು ವಜಾ ಮಾಡಿದರು, ಅದು ಬೇರೆ. ಆದರೆ ಆ ಏಪ್ರಿಲ್ ಆದೇಶ ಮುಂದಿನ ಕೇಸುಗಳಿಗೆ ಉಳಿಯಿತು.

ಆ ರಫೇಲ್ ಕಾಗದದಲ್ಲಿ ಏನಿತ್ತು ಹೇಳು? ಒಂದು ಆಕ್ಷೇಪದ ಟಿಪ್ಪಣಿ. ರಕ್ಷಣಾ ಸಚಿವಾಲಯದ ಅಧಿಕಾರಿಗಳು 2015ರಲ್ಲಿ, ಪ್ರಧಾನಿ ಕಚೇರಿಯವರು ಪಕ್ಕದಲ್ಲಿ ಬೇರೆ ಮಾತುಕತೆ ನಡೆಸಿದರೆ ನಮ್ಮ ಪಟ್ಟು ಸಡಿಲವಾಗುತ್ತದೆ ಅಂತ ಬರೆದದ್ದು. ಅದು ಹಸ್ತಕ್ಷೇಪ ಅಲ್ಲ ಅಂತ ಸರ್ಕಾರ ಹೇಳಿತು. ಯಾರು ಸರಿ ಅನ್ನುವುದನ್ನು ಪಕ್ಕಕ್ಕಿಡು. ನಿನ್ನಂಥ ಒಬ್ಬ ಅಧಿಕಾರಿ ತನ್ನ ಕೆಲಸ ಸರಿಯಾಗಿ ಮಾಡಿದ್ದ, ಬರೆಯಬೇಕಾದ್ದನ್ನು ಬರೆದಿದ್ದ ಅಂತ ದೇಶಕ್ಕೆ ಗೊತ್ತಾಗಿದ್ದು ಆ ಕಾಗದ ಹೊರಗೆ ಬಂದಿದ್ದರಿಂದ. ಇಲ್ಲದಿದ್ದರೆ ಅವನ ಷರಾ ಕಡತದೊಳಗೇ ಹುಳ ಹಿಡಿಯುತ್ತಿತ್ತು, ಅಲ್ವಾ? ನಿನ್ನ ಎಷ್ಟು ಷರಾ ಹಾಗೆ ಒಳಗೇ ಇವೆ ಅಂತ ನೀನೇ ಒಂದು ರಾತ್ರಿ ನನ್ನ ಹತ್ತಿರ ಹೇಳಿಕೊಂಡಿದ್ದೆ.

ನಿನ್ನ ಮಾತಿನಲ್ಲಿ ನಿಜ ಇಲ್ಲ ಅಂತ ಅಲ್ಲ. ಕಾಗದ ಸೋರುತ್ತದೆ ಅಂತ ಹೆದರಿಕೆ ಬಂದರೆ ಅಧಿಕಾರಿಗಳು ಬರೆಯುವುದನ್ನೇ ಬಿಡುತ್ತಾರೆ, ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ ಅಂತ ನೀನು ಹೇಳುತ್ತೀಯ. ಅದು ದೊಡ್ಡ ನಷ್ಟವೇ. ಮತ್ತೆ ಎಲ್ಲವನ್ನೂ ಮೂಟೆ ಬಿಚ್ಚಿ ಸುರಿಯುವುದನ್ನು ನಾನೂ ಒಪ್ಪುವುದಿಲ್ಲ. ಗುಟ್ಟಿನ ದಾಖಲೆ ಹೊರಹಾಕುವ ಜಾಲತಾಣ ವಿಕಿಲೀಕ್ಸ್‌ನ ಎರಡೂವರೆ ಲಕ್ಷ ಅಮೆರಿಕದ ರಾಯಭಾರ ಪತ್ರಗಳು ಮೊದಲು ಪತ್ರಿಕೆಗಳ ಮೂಲಕ, ಹೆಸರು ಮುಚ್ಚಿ, ಸ್ವಲ್ಪಸ್ವಲ್ಪವಾಗಿ ಬಂದವು. 2011ರ ಸೆಪ್ಟೆಂಬರ್‌ನಲ್ಲಿ ಹೆಸರುಗಳ ಸಮೇತ ಎಲ್ಲ ಹೊರಬಿತ್ತು. ರಾಯಭಾರ ಕಚೇರಿಯವರ ಹತ್ತಿರ ನಂಬಿ ಮಾತಾಡಿದ ಬಡಪಾಯಿಗಳು ಅದರಲ್ಲಿದ್ದರು. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆ ಕಾಗದ ಹೊರತಂದ ಅಮೆರಿಕ ಸೇನೆಯ ಚೆಲ್ಸಿ ಮ್ಯಾನಿಂಗ್‌ಗೆ 35 ವರ್ಷ ಶಿಕ್ಷೆಯಾಯಿತು, ಏಳು ವರ್ಷ ಜೈಲಿನಲ್ಲಿ ಕಳೆದ ಮೇಲೆ ಬಿಡುಗಡೆಯಾಯಿತು. ಬೆಲೆ ತೆರುವುದು ಯಾವಾಗಲೂ ಕಾಗದ ಹೊತ್ತು ತಂದವರೇ, ನೋಡು.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು. ಇದನ್ನು ನಿನಗೂ ಪೂರ್ತಿ ಹೇಳಿರಲಿಲ್ಲ.

ಗಾಡ್ಗೀಳ್ ವರದಿ. ನಮ್ಮ ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರ ಆಗಸ್ಟ್ ಕೊನೆಗೆ ಕೇಂದ್ರಕ್ಕೆ ವರದಿ ಕೊಟ್ಟಿತು. ಕೇಂದ್ರದ ಪರಿಸರ ಸಚಿವಾಲಯ ಅದನ್ನು ಮುಚ್ಚಿಟ್ಟಿತು. ಕೇರಳದವರೊಬ್ಬರು ಮಾಹಿತಿ ಹಕ್ಕಿನಲ್ಲಿ ಕೇಳಿದರು, ಕೊಡಲಿಲ್ಲ. ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲ್‌ನಲ್ಲಿ ಕೊಡಿ ಅಂದಿತು, ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ಹೈಕೋರ್ಟ್ ಮೇ 17ಕ್ಕೆ ಅರ್ಜಿ ತಳ್ಳಿಹಾಕಿದ ಮೇಲಷ್ಟೇ ವರದಿ ಹೊರಬಂದಿದ್ದು. ಒಂಬತ್ತು ತಿಂಗಳು! ಅದೂ ಯುದ್ಧದ ಗುಟ್ಟಲ್ಲ, ಸೈನ್ಯದ ಗುಟ್ಟಲ್ಲ. ನಮ್ಮ ಹೊಳೆ, ನಮ್ಮ ಕಾನು, ನಮ್ಮ ತೋಟದ ವಿಷಯ. ಗ್ರಾಮಸಭೆಗಳಲ್ಲಿ ಚರ್ಚೆಯಾಗಬೇಕು ಅಂತ ಆ ಸಮಿತಿಯೇ ಬಯಸಿತ್ತು.

ಆ ತಿಂಗಳುಗಳಲ್ಲಿ ಮತ್ತು ಅದರ ಮುಂದಿನ ವರ್ಷ ನಮ್ಮೂರಲ್ಲಿ ಏನಾಯಿತು ಗೊತ್ತಾ? ಕಾಗದ ಇಲ್ಲದ ಜಾಗದಲ್ಲಿ ವದಂತಿ ಬಂದು ಕೂತಿತು. ಸೊಪ್ಪಿನ ಬೆಟ್ಟಕ್ಕೆ ಕಾಲಿಡುವ ಹಾಗಿಲ್ಲವಂತೆ. ಮಾಡಿನ ಹಂಚು ಬದಲಾಯಿಸಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕಂತೆ. ಎಲ್ಲರನ್ನೂ ಎಬ್ಬಿಸಿ ಬಯಲುಸೀಮೆಗೆ ಕಳಿಸುತ್ತಾರಂತೆ. ಶಾಲೆ ಜಗಲಿಯಲ್ಲಿ ಸಭೆ ಸೇರಿತು, ನಾನೇ ಎದ್ದು ನಿಂತು ಇದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಶರಾವತಿ ಅಣೆಕಟ್ಟಿನಲ್ಲಿ ಊರು ಮುಳುಗಿ ಎದ್ದುಬಂದವರ ಮಕ್ಕಳು ಇರುವ ಸೀಮೆ ಇದು, ಎಬ್ಬಿಸುತ್ತಾರೆ ಅನ್ನುವ ಮಾತು ಇಲ್ಲಿ ಬೇಗ ಎದೆಗೆ ನಾಟುತ್ತದೆ. ಸಭೆ ಮುಗಿದ ಮೇಲೆ ಸಾಗುವಳಿ ಮಾಡುತ್ತಿದ್ದ ಸರ್ಕಾರಿ ಜಾಗಕ್ಕೆ ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿದ್ದ ಒಬ್ಬ ಹೆಂಗಸು ಕೊಡೆ ಮಡಚಿ ಹಿಡಿದು ಬಂದು ಕೇಳಿದಳು, "ಅಣ್ಣಾ, ನಮ್ಮನ್ನೂ ಎಬ್ಬಿಸ್ತಾರೆ ಅಂತ ಅದ್ರಲ್ಲಿ ಬರ್ದಿದ್ಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಓದಿರಲಿಲ್ಲ.

ಆ ವಾರವೇ ಶಿವಮೊಗ್ಗಕ್ಕೆ ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಪೂರ್ತಿ ಪ್ರಿಂಟ್ ತೆಗೆಸಿದೆ. ಐನೂರಕ್ಕೂ ಜಾಸ್ತಿ ಪುಟ, ಎಲ್ಲ ಇಂಗ್ಲಿಷ್. ರಾತ್ರಿ ಅಪ್ಪ ಪಕ್ಕದಲ್ಲಿ ಕೂತರು. "ಒಕ್ಕಲೆಬ್ಬಿಸೋದು ಎಲ್ಲಿ ಬರೆದಿದೆ, ತೋರಿಸು" ಅಂದರು. ಡಿಕ್ಷನರಿ ಇಟ್ಟುಕೊಂಡು ಹುಡುಕಿದೆ. ಜನರನ್ನು ಎಬ್ಬಿಸಿ ಅಂತ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ: ತಾಲ್ಲೂಕುಗಳನ್ನು ಮೂರು ವಲಯ ಮಾಡಿದ್ದರು, ರಾಸಾಯನಿಕ ಕೀಟನಾಶಕ ಕಳೆನಾಶಕಗಳನ್ನು ಹಂತಹಂತವಾಗಿ ನಿಲ್ಲಿಸಬೇಕು ಅಂದಿದ್ದರು, ಗುಂಡ್ಯ ಜಲವಿದ್ಯುತ್ ಯೋಜನೆ ಬೇಡ ಅಂದಿದ್ದರು, ಕೃಷಿ ಜಮೀನು ಬೇರೆ ಉದ್ದೇಶಕ್ಕೆ ಬಳಸಬಾರದು, ಊರಿನ ಜನ ಹೆಚ್ಚಾದಾಗ ಮನೆ ಕಟ್ಟಿಕೊಳ್ಳಲು ಮಾತ್ರ ಅಡ್ಡಿಯಿಲ್ಲ ಅಂದಿದ್ದರು. ಇದರಲ್ಲಿ ನಾವು ಒಪ್ಪಬಹುದಾದ್ದೂ ಇತ್ತು, ಕೂತು ಜಗಳ ಮಾಡಬೇಕಾದ್ದೂ ಇತ್ತು. ಅಪ್ಪ ಭೂತಗನ್ನಡಿ ಹಿಡಿದು ನಕ್ಷೆಯಲ್ಲಿ ನಮ್ಮೂರು ಹುಡುಕಿದರು. ನಕ್ಷೆ ಪೂರ್ತಿ ಬಣ್ಣಬಣ್ಣದ ಚೌಕಗಳು, ಒಂದೊಂದು ಚೌಕ ಒಂಬತ್ತು ಕಿಲೋಮೀಟರ್ ಅಗಲ, ಊರಿನ ಹೆಸರಿಲ್ಲ. ತುಂಗಾ ಹೊಳೆಯ ಅಂದಾಜಿನ ಮೇಲೆ ಒಂದು ಕಡೆ ಪೆನ್ಸಿಲ್ಲಿನಿಂದ ಸಣ್ಣ ಸೊನ್ನೆ ಸುತ್ತಿ, "ಇಲ್ಲಿರಬೇಕು ನಾವು" ಅಂದರು.

ಮರುದಿನ ಆ ಹೆಂಗಸಿನ ಮನೆಗೆ ಹೋಗಿ ಹೇಳಿದೆ. ಅವಳು ಕೇಳಿಸಿಕೊಂಡಳು, ನಂಬಲಿಲ್ಲ. ಊರಲ್ಲಿ ಯಾರೂ ನಂಬಲಿಲ್ಲ. ಅಷ್ಟರಲ್ಲಿ ಗಾಡ್ಗೀಳ್ ವರದಿಯನ್ನು ಪರಿಶೀಲಿಸಲು ಕಸ್ತೂರಿರಂಗನ್ ಸಮಿತಿ ಬಂದಾಗಿತ್ತು, ಅದರ ವರದಿ 2013ರ ಏಪ್ರಿಲ್‌ಗೆ ಬಂತು, ಆಮೇಲೆ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕರಡು ಅಧಿಸೂಚನೆ ಒಂದಾದ ಮೇಲೊಂದು. ಆರನೆಯದ್ದು 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ. ಇವತ್ತಿಗೂ ಮಲೆನಾಡಿನಲ್ಲಿ ಗಾಡ್ಗೀಳ್ ಅಂದರೆ ಜನ ಮುಖ ಗಂಟು ಹಾಕುತ್ತಾರೆ, ಓದಿದವರು ಬೆರಳೆಣಿಕೆ. 2011ರ ಸೆಪ್ಟೆಂಬರ್‌ನಲ್ಲೇ ಆ ಸಚಿವಾಲಯದ ಒಬ್ಬ ಗುಮಾಸ್ತ ಧೈರ್ಯ ಮಾಡಿ ಅದರ ಪ್ರತಿ ಹೊರಗೆ ಕೊಟ್ಟಿದ್ದರೆ? ವದಂತಿಗಿಂತ ಮೊದಲು ಕಾಗದ ನಮ್ಮ ಜಗಲಿಗೆ ಬಂದಿರುತ್ತಿತ್ತು. ಬೇಕು ಬೇಡ ಅಂತ ನಾವೇ ವಾದ ಮಾಡುತ್ತಿದ್ದೆವು, ವಿರೋಧ ಮಾಡಿದರೂ ಓದಿ ಮಾಡುತ್ತಿದ್ದೆವು. ಅಂಥವನನ್ನು ನಾನು ದ್ರೋಹಿ ಅನ್ನಲಾರೆ, ಮನೆಗೆ ಕರೆದು ಊಟ ಹಾಕುತ್ತಿದ್ದೆ.

ನೀನು ಕಾನೂನು ಮುರಿ ಅಂತ ನಾನು ಹೇಳುತ್ತಿಲ್ಲ, ನಿನಗೆ ಹೆಂಡತಿ ಮಕ್ಕಳಿದ್ದಾರೆ. 1923ರ ಬ್ರಿಟಿಷರ ಕಾಲದ ಅಧಿಕೃತ ಗುಟ್ಟುಗಳ ಕಾಯ್ದೆ ಇನ್ನೂ ಇದೆ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಂ ನಿನಗೆ ನನಗಿಂತ ಚೆನ್ನಾಗಿ ಗೊತ್ತು: ಗುಟ್ಟಿನಿಂದ ಆಗುವ ಲಾಭಕ್ಕಿಂತ ಜನರ ಹಿತ ದೊಡ್ಡದಾದರೆ ಆ ಹಳೇ ಕಾಯ್ದೆ ಇದ್ದರೂ ಮಾಹಿತಿ ಕೊಡಬಹುದು. 4ನೇ ಕಲಂ ಪ್ರಕಾರ ಎಷ್ಟೋ ವಿಷಯ ಯಾರೂ ಕೇಳದೆಯೇ ನೀವು ಪ್ರಕಟಿಸಬೇಕು. ನಿನ್ನ ಮೇಜಿಗೆ ಬರುವ ಅರ್ಜಿಗಳಲ್ಲಿ ಎಷ್ಟಕ್ಕೆ "ಪರಿಶೀಲನೆಯಲ್ಲಿದೆ" ಅಂತ ಹಿಂಬರಹ ಹೋಗುತ್ತದೆ? ಅದರಲ್ಲಿ ನಿನ್ನ ಕೈಲಾದಷ್ಟನ್ನು ಬಿಡುಗಡೆ ಮಾಡು ಮಾರಾಯ. ಬಾಗಿಲಿನಿಂದ ಬಂದರೆ ಯಾರೂ ಕಿಟಕಿ ಹಾರಬೇಕಾಗಿಲ್ಲ.

ಆ ಪ್ರಿಂಟ್ ಇನ್ನೂ ನಮ್ಮನೆ ನಾಗಂದಿಗೆ ಮೇಲಿದೆ. ಅಂಚು ಗೆದ್ದಲು ತಿಂದಿದೆ, ಅಪ್ಪ ಸುತ್ತಿದ ಸೊನ್ನೆ ಮಾತ್ರ ಹಾಗೇ ಇದೆ. ದಸರಾ ರಜೆಗೆ ಬಂದಾಗ ತೆಗೆದುಕೊಡುತ್ತೇನೆ. ಆ ಹೆಂಗಸಿಗೆ ಇನ್ನೂ ಹಕ್ಕುಪತ್ರ ಬಂದಿಲ್ಲ, ಅವಳ ಅರ್ಜಿ ಎಲ್ಲಿದೆ ಅಂತ ವಿಚಾರಿಸಲು ನಿನ್ನಿಂದ ಆಗುತ್ತದಾ ನೋಡು, ನಂಬರ್ ಫೋನಿನಲ್ಲಿ ಹೇಳುತ್ತೇನೆ.

ಇಂತಿ ನಿನ್ನ,
ಗೆಳೆಯ