ಸದಸ್ಯರ ಗಮನಕ್ಕೆ: ಕಬ್ಬಿನ ಪ್ಲಾಸ್ಟಿಕ್ ಕುರಿತ ಸಂದೇಶಗಳು

ಮಾನ್ಯ ಸದಸ್ಯರೇ,

ಸಸ್ಯಮೂಲದ ಪ್ಲಾಸ್ಟಿಕ್ ಎಲ್ಲವೂ ಮಣ್ಣಿನಲ್ಲಿ ಕೊಳೆಯುತ್ತದೆ ಎಂಬರ್ಥದ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಂಚಬೇಡಿ. ಬ್ರೆಜಿಲ್‌ನ ಟ್ರಿಯುಂಫೊದಲ್ಲಿ ಬ್ರಾಸ್ಕೆಮ್ ಕಂಪನಿ 2010ರಲ್ಲಿ ವರ್ಷಕ್ಕೆ 2 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಆರಂಭಿಸಿದ ಘಟಕವು ಕಬ್ಬಿನ ಎಥನಾಲಿನಿಂದ ಎಥಿಲೀನ್ ಎಂಬ ಅನಿಲವನ್ನು ತಯಾರಿಸುತ್ತದೆ. ಅದರಿಂದಾಗುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಪೆಟ್ರೋಲಿಯಂ ಮೂಲದ್ದಕ್ಕಿಂತ ರಾಸಾಯನಿಕವಾಗಿ ಭಿನ್ನವಲ್ಲವಾದ್ದರಿಂದ ಈಗಿರುವ ಯಂತ್ರಗಳಲ್ಲೇ ಚೀಲವೂ ಬಾಟಲಿಯೂ ಆಗುತ್ತದೆ, ಅದೇ ಕಾರಣಕ್ಕೆ ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ. ವಾಣಿಜ್ಯ ಪ್ರಮಾಣಕ್ಕೆ ಅದು ಏರಿದ್ದರ ಗುಟ್ಟು ಈ ಹೊಂದಾಣಿಕೆಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಮಾತ್ರ ಬಲು ಬಿಗಿ: 46 ಕಿಲೋ ಎಥನಾಲ್ ಒಂದಿಷ್ಟೂ ನಷ್ಟವಾಗದೆ ಪರಿವರ್ತನೆಯಾದರೂ ಸಿಗುವುದು 28 ಕಿಲೋ ಎಥಿಲೀನ್, ಉಳಿದ 18 ಕಿಲೋ ಬರೀ ನೀರು. ಆದ್ದರಿಂದ ಹೊಸ ಘಟಕಗಳ ಸುದ್ದಿ ಹಾಕುವವರು ಕಚ್ಚಾವಸ್ತು, ಇಳುವರಿ ಹಾಗೂ ವಾರ್ಷಿಕ ಸಾಮರ್ಥ್ಯವನ್ನು ಸಂದೇಶದಲ್ಲೇ ನಮೂದಿಸಬೇಕೆಂದು ವಿನಂತಿ.

ನಿರ್ವಾಹಕರು