ಹಡಗಿಗಿಂತ ನಿಧಾನದ ಕಾಗದ

ಮಾನ್ಯರೇ,

ಡಿಜಿಟಲ್ ವ್ಯಾಪಾರದ ನಿಯಮ ಎಂದ ಕೂಡಲೇ ಚರ್ಚೆಯೆಲ್ಲ ಡೇಟಾ, ತೆರಿಗೆಗಳತ್ತ ಹೊರಳುತ್ತದೆ. ಸರಕು ಬಿಡಿಸಿಕೊಳ್ಳಲು ಬೇಕಾದ ಕಾಗದದ ಗೊಡವೆ ಯಾರಿಗೂ ಇಲ್ಲ. ಸರಕು ಹಡಗಿಗೇರಿದಾಗ ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್ ಎಂಬ ಆ ಕಾಗದ ಬರೀ ರಸೀದಿಯಲ್ಲ. ಅದು ಯಾರ ಕೈಯಲ್ಲಿದೆಯೋ ಅವರಿಗೇ ಸರಕಿನ ಹಕ್ಕು. ಸಾಮಾನ್ಯವಾಗಿ ಮೂರು ಮೂಲಪ್ರತಿಗಳು. ರಫ್ತುದಾರರ ಬ್ಯಾಂಕಿನಿಂದ ಆಮದುದಾರರ ಬ್ಯಾಂಕಿಗೆ ಕೊರಿಯರ್‌ನಲ್ಲಿ ಹೋಗುತ್ತವೆ. ಸಮೀಪದ ಬಂದರಾದರೆ ಎಷ್ಟೋ ಸಲ ಹಡಗೇ ಮೊದಲು ಮುಟ್ಟುತ್ತದೆ! ಆಗ ಮೂಲಪ್ರತಿಯಿಲ್ಲದೆ ಸರಕು ಬಿಡಿಸಿಕೊಳ್ಳಲು, ನಷ್ಟವಾದರೆ ತುಂಬಿಕೊಡುವೆವೆಂದು ಹಡಗು ಕಂಪನಿಗೆ ನಷ್ಟಭರ್ತಿ ಪತ್ರ ಬರೆದುಕೊಡಬೇಕು, ಇಲ್ಲವೇ ಡೆಮರೇಜ್ (ತಡವಾದುದಕ್ಕೆ ಶುಲ್ಕ) ಕಟ್ಟುತ್ತ ಕಾಯಬೇಕು. ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಕಳಿಸಿದರೆ ಸಾಲದು. ಪಿಡಿಎಫ್‌ಗೆ ಎಷ್ಟು ನಕಲಾದರೂ ತೆಗೆಯಬಹುದು, ಒಂದೇ ಸರಕನ್ನು ಇಬ್ಬರಿಗೆ ಮಾರಬಹುದು.

ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗದ 2017ರ ಮಾದರಿ ಕಾನೂನಿನಲ್ಲಿ ಇದಕ್ಕೆ ದಾರಿಯಿದೆ. ಎಲೆಕ್ಟ್ರಾನಿಕ್ ದಾಖಲೆಗೂ ಕಾಗದದಷ್ಟೇ ಮಾನ್ಯತೆ ಸಿಗಬಹುದು, ಆದರೆ ಷರತ್ತುಗಳಿವೆ: ಅಸಲು ದಾಖಲೆ ಯಾವುದೆಂದು ಗುರುತಿಸುವಂತಿರಬೇಕು, ಅದರ ನಿಯಂತ್ರಣ ಹಕ್ಕುದಾರರಲ್ಲಷ್ಟೇ ಇರಬೇಕು, ಒಳಗಿನ ವಿವರ ಕೆಡದೆ ಉಳಿಯಬೇಕು. ಬಹ್ರೇನ್, ಸಿಂಗಪುರ ಇದನ್ನು ಅಳವಡಿಸಿಕೊಂಡಿವೆ. ಬ್ರಿಟನ್ 2023ರಲ್ಲಿ ತನ್ನದೇ ಕಾಯ್ದೆ ತಂದಿತು. ಆದರೆ ವ್ಯವಹಾರದ ಇನ್ನೊಂದು ತುದಿಯ ದೇಶ ಒಪ್ಪದಿದ್ದರೆ ಮತ್ತೆ ಕಾಗದವೇ ಗತಿ. ವ್ಯಾಪಾರ ಒಪ್ಪಂದಗಳಲ್ಲಿ ಈ ವಿಷಯಕ್ಕೆ ‘ಪ್ರಯತ್ನಿಸಲಾಗುವುದು’ ಎಂಬ ಮೆತ್ತನೆಯ ಭರವಸೆ ಸಾಲದು, ಗಡುವು ಹಾಕಿದ ಬಾಧ್ಯತೆಯೇ ಬೇಕು.